ಕೆರೆಗಳ ಸರಪಳಿಗೆ ಲೆಕ್ಕ ಬರೆದ ಎಂಜಿನಿಯರ್ ರಿಚರ್ಡ್ ಸ್ಯಾಂಕಿ

ಬೆಂಗಳೂರಿನ ಮಲ್ಲೇಶ್ವರ ಹಾಗೂ ಸದಾಶಿವನಗರದ ನಡುವೆ ಇರುವ ಸ್ಯಾಂಕಿ ಕೆರೆ, ಅದರ ಬದಿಯಲ್ಲಿ ಹಾದುಹೋಗುವ ಸ್ಯಾಂಕಿ ರಸ್ತೆ ರಾಜಧಾನಿಯನ್ನು ಬಲ್ಲ ಎಲ್ಲರಿಗೂ ಪರಿಚಿತ. ಹೈಕೋರ್ಟ್ ಕಾರ್ಯ ನಿರ್ವಹಿಸುವ ಕೆಂಪು ಬಣ್ಣದ ಅಠಾರಾ ಕಚೇರಿಯನ್ನು, ಅದರ ಮುಂದಿನ ಕಬ್ಬನ್ ಉದ್ಯಾನವನ್ನು ರೂಪಿಸಿದವರೂ ಈ ಸ್ಯಾಂಕಿಯವರೇ. ನಗರವಾಸಿಗಳ ಪಾಲಿಗೆ ರಿಚರ್ಡ್ ಹಿರಾಮ್ ಸ್ಯಾಂಕಿ ಎಂದರೆ ಇಷ್ಟೇ: ಒಂದು ಕೆರೆ, ಒಂದು ರಸ್ತೆ, ಒಂದು ಕಟ್ಟಡ, ಒಂದು ಉದ್ಯಾನ.

ಆದರೆ ಅವರ ಬದುಕಿನ ಮುಖ್ಯ ಕಾರ್ಯ ಬೆಂಗಳೂರಿನ ಹೊರಗೆ ನಡೆಯಿತು. ಹಳೆಯ ಮೈಸೂರು ಸೀಮೆಯ ಹಳ್ಳಿಹಳ್ಳಿಯ ಕೆರೆಗಳನ್ನು ಒಂದೊಂದಾಗಿ ನೋಡದೆ, ಒಂದು ಕಣಿವೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಕೊಂಡಿಗಳಂತೆ ಬೆಸೆದುಕೊಂಡ ಸರಣಿಯಾಗಿ ನೋಡಿ, ಅದಕ್ಕೆ ಅಳತೆ ಹಾಗೂ ಲೆಕ್ಕದ ತಳಹದಿ ಒದಗಿಸಿದವರು ಅವರು. ಮೇಲಿನ ಕೆರೆಯಲ್ಲಿ ಹೆಚ್ಚಾಗಿ ನಿಂತ ನೀರು ಕೆಳಗಿನ ಕೆರೆಗೆ ಕಡಿಮೆಯಾದ ನೀರು ಎಂಬ ಸರಳ ಸತ್ಯವನ್ನು ರೈತರು ಶತಮಾನಗಳಿಂದ ಬಲ್ಲವರಾಗಿದ್ದರು. ಅದನ್ನು ಸರ್ಕಾರದ ಕಡತಕ್ಕೆ ತಂದು, ನೀರಾವರಿ ಆಡಳಿತದ ನಿಯಮವನ್ನಾಗಿ ಮಾಡಲು ಯತ್ನಿಸಿದ್ದು ಸ್ಯಾಂಕಿಯವರ ಸಾಧನೆ. ಕಡೂರು, ತರೀಕೆರೆ, ಅಜ್ಜಂಪುರ ಭಾಗದಲ್ಲಿ ಕೆರೆ ತುಂಬಿಸುವ ಯೋಜನೆಗಳ ಮಾತು ಕೇಳಿಬರುತ್ತಿರುವ ಈ ದಿನಗಳಲ್ಲಿ ಅವರ ಜೀವನವನ್ನು ಈ ದೃಷ್ಟಿಯಿಂದ ನೆನೆಯುವುದು ಉಚಿತ.

ಐರ್ಲೆಂಡಿನಿಂದ ಮದರಾಸಿಗೆ

ಸ್ಯಾಂಕಿಯವರು ಜನಿಸಿದ್ದು 1829ರ ಮಾರ್ಚ್ 22ರಂದು, ಐರ್ಲೆಂಡಿನ ಟಿಪ್ಪರೆರಿ ಸೀಮೆಯ ರಾಕ್‌ವೆಲ್ ಕ್ಯಾಸಲ್‌ನಲ್ಲಿ. ತಂದೆ ಮ್ಯಾಥ್ಯೂ ಸ್ಯಾಂಕಿ ವಕೀಲರು. ಡಬ್ಲಿನ್‌ನಲ್ಲಿ ಶಾಲಾ ವಿದ್ಯಾಭ್ಯಾಸ ಮುಗಿಸಿದ ಬಾಲಕ 1845ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಿಸ್ಕೊಂಬ್ ಸೈನಿಕ ವಿದ್ಯಾಲಯವನ್ನು ಸೇರಿದರು. ಅಲ್ಲಿ ಚಿತ್ರಕಲೆಗಾಗಿ ಬೆಳ್ಳಿಯ ಪದಕ ಗಳಿಸಿದ್ದು ಗಮನಾರ್ಹ. ಮುಂದೆ ಕಟ್ಟಡಗಳನ್ನೂ ಉದ್ಯಾನಗಳನ್ನೂ ವಿನ್ಯಾಸಗೊಳಿಸಿದ ಕೈಗೆ ಅಲ್ಲಿಯೇ ತರಬೇತಿ ದೊರೆತಿತ್ತು.

1846ರ ಡಿಸೆಂಬರಿನಲ್ಲಿ ಮದರಾಸು ಎಂಜಿನಿಯರ್ಸ್ ದಳಕ್ಕೆ ನೇಮಕಗೊಂಡ ಅವರು 1848ರಲ್ಲಿ ಮದರಾಸಿಗೆ ಬಂದಿಳಿದರು. ಆರಂಭದ ವರ್ಷಗಳಲ್ಲಿ ಮಡಿಕೇರಿಯಲ್ಲಿಯೂ ನಾಗಪುರದಲ್ಲಿಯೂ ಸೇವೆ ಸಲ್ಲಿಸಿದರು. ಆರೋಗ್ಯ ಕೆಟ್ಟ ಕಾರಣ ಕೆಲಕಾಲ ಸ್ವದೇಶಕ್ಕೆ ಮರಳಿ, 1856ರಲ್ಲಿ ಹಿಂದಿರುಗಿ ಮದರಾಸಿನ ಪೂರ್ವ ಕರಾವಳಿ ಕಾಲುವೆಯ ಮೇಲ್ವಿಚಾರಣೆ ವಹಿಸಿಕೊಂಡರು. 1857ರ ಬಂಡಾಯದ ಸಮಯದಲ್ಲಿ ಅವರನ್ನು ಉತ್ತರ ಭಾರತಕ್ಕೆ ಕಳುಹಿಸಲಾಯಿತು. ಅಲಹಾಬಾದಿನಲ್ಲಿ ರಕ್ಷಣಾ ಕಾಮಗಾರಿ, ನದಿಗಳಿಗೆ ಸೇತುವೆ, ಸೈನ್ಯಕ್ಕೆ ತಂಗುದಾಣ ಮುಂತಾದ ಕೆಲಸಗಳನ್ನು ಅವರು ನಿರ್ವಹಿಸಿದರು. ಸಾಮ್ರಾಜ್ಯದ ಯೋಧನಾಗಿ ವಿಕ್ಟೋರಿಯಾ ಕ್ರಾಸ್ ಪದಕಕ್ಕೆ ಅವರ ಹೆಸರು ಶಿಫಾರಸಾಯಿತಾದರೂ ಪದಕ ಬರಲಿಲ್ಲ. 1858ರಲ್ಲಿ ಉದಕಮಂಡಲದಲ್ಲಿ ಸೋಫಿಯಾ ಮೇರಿ ಬೆನ್ಸನ್ ಅವರೊಡನೆ ವಿವಾಹವಾಯಿತು.

ಮೈಸೂರಿನ ಮುಖ್ಯ ಎಂಜಿನಿಯರ್

1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡಿದ್ದ ಬ್ರಿಟಿಷರು ಅರ್ಧ ಶತಮಾನ ಕಾಲ ಕಮಿಷನರುಗಳ ಮೂಲಕ ಮೈಸೂರನ್ನು ಆಳಿದರು. ಆ ಅವಧಿಯ ನಡುವೆ, 1861ರಲ್ಲಿ, ಸ್ಯಾಂಕಿ ಮುಖ್ಯ ಎಂಜಿನಿಯರರ ಸಹಾಯಕರಾಗಿ ಬೆಂಗಳೂರಿಗೆ ಬಂದರು. 1864ರಲ್ಲಿ ಅವರೇ ಮುಖ್ಯ ಎಂಜಿನಿಯರ್ ಹಾಗೂ ಮುಖ್ಯ ಕಮಿಷನರರ ಕಾರ್ಯದರ್ಶಿಯಾದರು. ಮುಂದಿನ ಹದಿಮೂರು ವರ್ಷ ಸೀಮೆಯ ರಸ್ತೆ, ಕಟ್ಟಡ, ನೀರಾವರಿ ಮೂರೂ ಅವರ ಸುಪರ್ದಿಯಲ್ಲಿದ್ದವು.

1868ರಲ್ಲಿ ಅಠಾರಾ ಕಚೇರಿ ಪೂರ್ಣಗೊಂಡಿತು. 1870ರಲ್ಲಿ ಅದರ ಸುತ್ತ ಉದ್ಯಾನ ರೂಪುಗೊಂಡಿತು. ಹೊಸ ರಸ್ತೆಗಳು ತೆರೆದುಕೊಂಡವು. ಇವೆಲ್ಲ ಕಣ್ಣಿಗೆ ಕಾಣುವ ಕೆಲಸಗಳು. ಇವುಗಳ ಜೊತೆಗೇ ಅವರು ನೀರಾವರಿಗೆಂದೇ ಪ್ರತ್ಯೇಕ ಶಾಖೆಯೊಂದನ್ನು ಕಟ್ಟಿ, ಪ್ರತಿಯೊಂದು ಕಣಿವೆಯ ಜಲಾನಯನ ಪ್ರದೇಶವನ್ನು ಅಳೆಯಿಸತೊಡಗಿದರು. ಯಾವ ಕೆರೆಗೆ ಎಷ್ಟು ಭೂಮಿಯ ನೀರು ಹರಿದು ಬರುತ್ತದೆ, ಆ ನೀರಿಗೆ ತಕ್ಕ ಗಾತ್ರ ಯಾವುದು, ಕೋಡಿ ಎಷ್ಟು ಅಗಲವಿರಬೇಕು, ಏರಿ ಎಷ್ಟು ಎತ್ತರವಿರಬೇಕು ಎಂಬುದನ್ನು ಊಹೆಯಿಂದಲ್ಲದೆ ಅಳತೆಯಿಂದ ನಿರ್ಧರಿಸುವುದು ಅವರ ಉದ್ದೇಶವಾಗಿತ್ತು.

ಅಳತೆಯ ಫಲವಾಗಿ ಹೊರಬಂದ ಅಂಕಿಗಳು ಆಶ್ಚರ್ಯ ಹುಟ್ಟಿಸುವಂತಿದ್ದವು. ಅವರು ಲೆಕ್ಕಕ್ಕೆ ತೆಗೆದುಕೊಂಡ 27,269 ಚದರ ಮೈಲಿ ವಿಸ್ತೀರ್ಣದ ಮೈಸೂರು ಸೀಮೆಯಲ್ಲಿ 16,287 ಚದರ ಮೈಲಿಯ ಮಳೆನೀರು, ಅಂದರೆ ಸುಮಾರು ಶೇಕಡಾ 60 ಭಾಗ, ಒಂದಲ್ಲ ಒಂದು ಕೆರೆಯನ್ನು ಹಾದೇ ಮುಂದೆ ಹೋಗಬೇಕಾಗಿತ್ತು. ಇಷ್ಟು ದೊಡ್ಡ ಪ್ರದೇಶದಲ್ಲಿ ಹೊಸ ಕೆರೆಗೆ ಸ್ಥಳ ಹುಡುಕುವುದೇ ಕಷ್ಟವೆಂದೂ, ಹಾಗೆ ಹುಡುಕಿ ಕಟ್ಟಿದರೂ ಅದು ಅದೇ ಕಣಿವೆಯ ಕೆಳಗಿನ ಮತ್ತೊಂದು ಕೆರೆಯ ನೀರನ್ನು ಕಸಿದುಕೊಳ್ಳುವುದು ಬಹುತೇಕ ಖಚಿತವೆಂದೂ ಅವರು ಸರ್ಕಾರಕ್ಕೆ ವರದಿ ಮಾಡಿದರು. ಈ ವ್ಯವಸ್ಥೆಯ ಶ್ರೇಯಸ್ಸನ್ನು ಅವರು ತಮ್ಮ ಇಲಾಖೆಗೆ ಸಲ್ಲಿಸಿಕೊಳ್ಳಲಿಲ್ಲ. ನಾಡಿನ ಜನರ ತಲೆಮಾರುಗಳ ಪರಿಶ್ರಮಕ್ಕೆ ಅದು ಸಲ್ಲಬೇಕೆಂಬುದನ್ನು ಅವರು ಒಪ್ಪಿಕೊಂಡಿದ್ದರು. ಆಳುವ ಪರಕೀಯ ಅಧಿಕಾರಿಯೊಬ್ಬರು ಆ ಕಾಲದಲ್ಲಿ ಹೀಗೆ ಬರೆದದ್ದು ಉಲ್ಲೇಖಾರ್ಹ.

ಕಡೂರು ಸೀಮೆಯ ನೀರಿನ ನಕ್ಷೆ

ಸ್ಯಾಂಕಿಯವರ ಲೆಕ್ಕಾಚಾರದ ಅರ್ಥ ತಿಳಿಯಲು ಕಡೂರು, ತರೀಕೆರೆ, ಅಜ್ಜಂಪುರಗಳ ನೆಲವನ್ನು ನೋಡಿದರೆ ಸಾಕು. ಅವರ ಕಾಲದಲ್ಲಿ ಈ ಮೂರೂ ಊರುಗಳು ನಗರ ವಿಭಾಗದ ಕಡೂರು ಜಿಲ್ಲೆಗೆ ಸೇರಿದ್ದವು. 1865ರಲ್ಲಿ ಜಿಲ್ಲಾ ಕೇಂದ್ರ ಕಡೂರಿನಿಂದ ಚಿಕ್ಕಮಗಳೂರಿಗೆ ವರ್ಗವಾಯಿತು. ಆದರೂ ಜಿಲ್ಲೆಗೆ ಕಡೂರಿನ ಹೆಸರೇ 1947ರವರೆಗೆ ಉಳಿದಿತ್ತು. ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ ಪ್ರತ್ಯೇಕ ತಾಲ್ಲೂಕಾದದ್ದು ತೀರ ಈಚೆಗೆ.

ಪಶ್ಚಿಮದಲ್ಲಿ ಬಾಬಾಬುಡನ್‌ಗಿರಿ ಶ್ರೇಣಿ. ಮುಂಗಾರಿನ ಮೋಡಗಳು ತಮ್ಮ ಭಾರವನ್ನು ಬೆಟ್ಟದ ಆಚೆಗೇ ಇಳಿಸಿಬಿಡುತ್ತವೆ. ಬೆಟ್ಟದಿಂದ ಪೂರ್ವಕ್ಕೆ ಕೆಲವೇ ಹರದಾರಿ ನಡೆದರೆ ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುತ್ತದೆ. ತರೀಕೆರೆಯ ಪಶ್ಚಿಮದ ಹಳ್ಳಗಳು ಭದ್ರಾ ನದಿಯ ಕಡೆಗೆ ಹರಿಯುತ್ತವೆ. ಕಡೂರಿನ ನೀರು ಪೂರ್ವಕ್ಕೆ ತಿರುಗಿ ವೇದಾವತಿಯನ್ನು ಸೇರುತ್ತದೆ. ಒಂದೇ ಬೆಟ್ಟದ ಎರಡು ಮಗ್ಗುಲಲ್ಲಿ ಒಂದೆಡೆ ನೀರಿನ ಸಮೃದ್ಧಿ, ಇನ್ನೊಂದೆಡೆ ಹನಿಹನಿಗೂ ಲೆಕ್ಕ.

ಬೆಟ್ಟದ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ಮತ್ತು ಆವತಿ ಎಂಬ ಎರಡು ಹೊಳೆಗಳೇ ಮುಂದೆ ವೇದಾವತಿಯಾಗುತ್ತವೆ. ವೇದಾ ಹೊಳೆ ಸಖರಾಯಪಟ್ಟಣದ ಬಳಿ ಅಯ್ಯನಕೆರೆಯಾಗಿ ಹರಡಿಕೊಳ್ಳುತ್ತದೆ. ಸುತ್ತಲೂ ಗುಡ್ಡಗಳಿರುವ ಈ ಕೆರೆಯನ್ನು ರುಕ್ಮಾಂಗದನೆಂಬ ಅರಸ ಕಟ್ಟಿಸಿದನೆಂದೂ ಹೊಯ್ಸಳರ ಕಾಲದಲ್ಲಿ ಅದು ಜೀರ್ಣೋದ್ಧಾರಗೊಂಡಿತೆಂದೂ ಪ್ರತೀತಿ. ಆವತಿ ಹೊಳೆ ಬೆಟ್ಟದಿಂದ ಇಳಿದೊಡನೆ ಮದಗದ ಕೆರೆಯನ್ನು ತುಂಬುತ್ತದೆ. ಮದಗದ ಕೆರೆಗೆ ಬಂದ ಮಳೆಯ ಕುರಿತ ಜನಪದ ಗೀತೆ ನಾಡಿನಾದ್ಯಂತ ಮನೆಮಾತು. ಆ ಹಾಡು ತಮ್ಮ ಕೆರೆಯದ್ದೇ ಎಂಬುದು ಕಡೂರಿನವರ ಅಭಿಮಾನ. ಎರಡೂ ಕೆರೆಗಳ ಕೋಡಿ ನೀರು ಮುಂದೆ ಕಡೂರಿನ ಬಳಿ ಕೂಡಿ, ಹೊಸದುರ್ಗದ ಮಾರ್ಗವಾಗಿ ಹಿರಿಯೂರಿನ ಕಡೆಗೆ ಸಾಗುತ್ತದೆ.

ಅಂದರೆ ಕಡೂರಿನಲ್ಲಿ ನದಿ ಮೊದಲು ಹುಟ್ಟಿ ಕೆರೆ ಆಮೇಲೆ ಬರುವುದಿಲ್ಲ. ಕೆರೆಗಳನ್ನು ತುಂಬಿ ಉಳಿದ ನೀರೇ ಇಲ್ಲಿ ನದಿಯಾಗುತ್ತದೆ. ದೊಡ್ಡ ಕೆರೆಗಳ ಕೆಳಗೆ ಊರಿಗೊಂದರಂತೆ ಸಣ್ಣ ಕೆರೆಗಳು, ಅವುಗಳ ಕೆಳಗೆ ಮತ್ತಷ್ಟು ಕಟ್ಟೆಗಳು. ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ತರೀಕೆರೆಯಿಂದ ಹಿಡಿದು ಬಯಲಿನ ಸಣ್ಣಪುಟ್ಟ ಗ್ರಾಮಗಳವರೆಗೆ ಈ ಭಾಗದ ಬೇಸಾಯ ನಿಂತಿದ್ದು ಇಂತಹ ಕೊಂಡಿಗಳ ಮೇಲೆ.

ಸರಣಿಯ ಲೆಕ್ಕ

ಲೆಕ್ಕ ಸರಳವಾದುದು. ಒಂದು ಚದರ ಮೈಲಿ ನೆಲದಿಂದ ಒಂದು ಅಂಗುಲದಷ್ಟು ಮಳೆನೀರು ಹರಿದು ಬಂದರೆ ಅದು ಸುಮಾರು 23 ಲಕ್ಷ ಘನ ಅಡಿಯಾಗುತ್ತದೆ. ಬಿದ್ದ ಮಳೆಯೆಲ್ಲ ಹರಿದು ಬರುವುದಿಲ್ಲ. ನೆಲ ಹೀರಿಕೊಂಡು, ಗಿಡಗಂಟಿ ಕುಡಿದು, ಬಿಸಿಲಿಗೆ ಆವಿಯಾಗಿ ಉಳಿದ ಒಂದು ಸಣ್ಣ ಪಾಲು ಮಾತ್ರ ಕೆರೆಗೆ ಸೇರುತ್ತದೆ. ಜಲಾನಯನದ ವಿಸ್ತೀರ್ಣವನ್ನು ಅಳೆದು, ಮಳೆಯ ಪ್ರಮಾಣವನ್ನು ತಿಳಿದು, ಹರಿದು ಬರುವ ಪಾಲನ್ನು ಅಂದಾಜಿಸಿದರೆ ಕೆರೆಯ ಆದಾಯ ದೊರೆಯುತ್ತದೆ. ಅಚ್ಚುಕಟ್ಟಿನ ಗದ್ದೆಗಳಿಗೆ ಬೇಕಾದ ನೀರು ಅದರ ವೆಚ್ಚ. ಮೇಲಿನ ಕೆರೆಯ ಆದಾಯದಿಂದ ವೆಚ್ಚವನ್ನು ಕಳೆದು ಉಳಿಯುವುದು ಕೋಡಿಯ ಮೂಲಕ ಕೆಳಗಿನ ಕೆರೆಯ ಆದಾಯದ ಖಾತೆಗೆ ಜಮೆಯಾಗುತ್ತದೆ.

ಈ ಖಾತೆಯಲ್ಲಿ ಒಂದು ಪುಟವನ್ನು ಮಾತ್ರ ತಿದ್ದಲು ಬರುವುದಿಲ್ಲ. ಮೇಲಿನ ಊರಿನವರು ತಮ್ಮ ಕೆರೆಯ ಕೋಡಿಗೆ ಒಂದಡಿ ಎತ್ತರ ಕಲ್ಲು ಜೋಡಿಸಿದರೆ ಅವರಿಗೆ ಇನ್ನೊಂದಿಷ್ಟು ಗದ್ದೆ ನೆಡಲು ನೀರಾದೀತು. ಆದರೆ ಆ ಒಂದಡಿ ನೀರು ಕೆಳಗಿನ ಊರಿನ ಕೆರೆಗೆ ಬಾರದು. ಹಿನ್ನೀರು ಏರಿ ಮೇಲಿನ ಹೊಲಗಳು ಮುಳುಗುವುದೂ ಉಂಟು. ಇನ್ನೊಂದು ಅಪಾಯ ಅತಿವೃಷ್ಟಿಯದು. ಮೇಲಿನ ಕೆರೆಯ ಏರಿ ಒಡೆದರೆ ಆ ಪ್ರವಾಹವನ್ನು ತಡೆಯಲಾರದೆ ಕೆಳಗಿನ ಏರಿಗಳು ಒಂದರ ಹಿಂದೊಂದು ಒಡೆಯುತ್ತವೆ. ಆದುದರಿಂದ ದುರಸ್ತಿ ಮಾಡುವಾಗಲೂ ಒಂದು ಕೆರೆಯನ್ನು ಪ್ರತ್ಯೇಕವಾಗಿ ಆರಿಸಿಕೊಳ್ಳದೆ, ಸರಣಿಯನ್ನು ಒಟ್ಟಾಗಿ ಕೈಗೆತ್ತಿಕೊಳ್ಳಬೇಕೆಂಬುದು ಸ್ಯಾಂಕಿಯವರ ಪದ್ಧತಿಯ ತಿರುಳು.

ಸಣ್ಣ ಹಿಡುವಳಿಯ ರೈತನ ದೃಷ್ಟಿಯಿಂದ ಇದು ಕೇವಲ ತಾಂತ್ರಿಕ ವಿಚಾರವಲ್ಲ. ಎರಡು ಎಕರೆ ಗದ್ದೆ ಇರುವವನಿಗೆ ಮೇಲಿನ ಊರಿನವರ ಜೊತೆ ಜಗಳವಾಡುವ ಬಲ ಇರುವುದಿಲ್ಲ. ಅವನ ಹಕ್ಕು ನಿಂತಿರುವುದು ಕೋಡಿಯ ಎತ್ತರ, ತೂಬಿನ ಅಳತೆ ಹಾಗೂ ಹಿಂದಿನಿಂದ ನಡೆದುಬಂದ ವಾಡಿಕೆಗಳ ಮೇಲೆ. ಅವುಗಳನ್ನು ಅಳೆದು ಗುರುತು ಹಾಕಿದಾಗ ದುರ್ಬಲನ ಹಕ್ಕಿಗೆ ದಾಖಲೆಯ ಬಲ ಬರುತ್ತದೆ.

ನಿರ್ವಹಣೆ ಯಾರ ಹೊಣೆ?

ಸ್ಯಾಂಕಿಯವರ ಯೋಜನೆ ಎಡವಿದ್ದು ಅಳತೆಯಲ್ಲಲ್ಲ, ನಿರ್ವಹಣೆಯ ವಿಚಾರದಲ್ಲಿ. ಹಿಂದಿನ ಕಾಲದಲ್ಲಿ ಕೆರೆ ಕಟ್ಟಿಸಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಅಚ್ಚುಕಟ್ಟಿನಲ್ಲಿ ಕಟ್ಟುಕೊಡಗಿ ಭೂಮಿಯನ್ನು ಉಂಬಳಿಯಾಗಿ ಬಿಡುವ ಸಂಪ್ರದಾಯವಿತ್ತು. ನೀರು ಬಿಡುವ ನೀರುಗಂಟಿಗೆ ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ಬೇಸಗೆಯಲ್ಲಿ ಊರಿನವರು ಹೂಳೆತ್ತಿ ಅದನ್ನು ಹೊಲಗಳಿಗೆ ಸಾಗಿಸುತ್ತಿದ್ದರು. ಈ ಏರ್ಪಾಡು ಸಮಾನತೆಯದ್ದಾಗಿರಲಿಲ್ಲ. ಹೂಳು ಹೊರುವ ದುಡಿಮೆ ಹಲವೆಡೆ ಊರಿನ ಅತ್ಯಂತ ಬಡವರ ಮೇಲೆಯೇ ಬೀಳುತ್ತಿತ್ತು. ಆದರೂ ಕೆರೆಗೂ ಊರಿಗೂ ಅದು ಒಂದು ನಂಟನ್ನು ಉಳಿಸಿತ್ತು.

1860ರ ದಶಕದಲ್ಲಿ ಮೈಸೂರಿನಲ್ಲಿ ಭೂಮಾಪನ, ನಗದು ಕಂದಾಯ, ಇನಾಂ ಭೂಮಿಗಳ ವಿಚಾರಣೆ ಆರಂಭವಾದವು. ಬೆಳೆಯಲ್ಲಿ ಪಾಲು ಪಡೆಯುವ ಬಟಾಯಿ ಪದ್ಧತಿ ಹಿಂದೆ ಸರಿಯಿತು. ಪಾಲು ಪಡೆಯುವ ಸರ್ಕಾರಕ್ಕೆ ಕೆರೆ ತುಂಬಿದರೆ ಲಾಭ, ಒಣಗಿದರೆ ನಷ್ಟ. ನಿಗದಿತ ನಗದು ಪಡೆಯುವ ಸರ್ಕಾರಕ್ಕೆ ಅಂತಹ ಅವಸರ ಅಷ್ಟಾಗಿ ಇರುವುದಿಲ್ಲ. ಇತ್ತ ಊರಿನವರು ಕೆರೆ ಇನ್ನು ಸರ್ಕಾರದ್ದು, ದುರಸ್ತಿಯೂ ಅದರದ್ದೇ ಎಂದು ಭಾವಿಸತೊಡಗಿದರು.

ಲೋಕೋಪಯೋಗಿ ಇಲಾಖೆ ಕೆರೆಗಳನ್ನು ನಿಗದಿತ ಮಟ್ಟಕ್ಕೆ ದುರಸ್ತಿ ಮಾಡಿಕೊಡುವುದು, ಅನಂತರದ ಚಿಕ್ಕಪುಟ್ಟ ನಿರ್ವಹಣೆಯನ್ನು ರೈತರಿಗೆ ಒಪ್ಪಿಸುವುದು ಎಂಬ ನೀತಿ ರೂಪುಗೊಂಡಿತು. ಹತ್ತಾರು ಸಾವಿರ ಕೆರೆಗಳಿದ್ದ ಸೀಮೆಯಲ್ಲಿ ಬೆರಳೆಣಿಕೆಯ ಎಂಜಿನಿಯರುಗಳಿಂದ ಈ ಕೆಲಸ ಬೇಗ ಮುಗಿಯುವಂತಿರಲಿಲ್ಲ. ದುರಸ್ತಿಯ ಸರದಿ ಬರುವವರೆಗೆ ರೈತರೂ ಕೈಕಟ್ಟಿ ಕುಳಿತರೆ ಕೆರೆಯ ಗತಿ ಏನು ಎಂಬ ಪ್ರಶ್ನೆಗೆ ಇಲಾಖೆಯ ಬಳಿ ಉತ್ತರವಿರಲಿಲ್ಲ. ಕಣಿವೆಯನ್ನು ಸ್ಯಾಂಕಿ ಚೆನ್ನಾಗಿ ಅಳೆದಿದ್ದರು. ಆದರೆ ಊರಿನವರ ಸಹಕಾರವನ್ನು ಯಾವ ಅಳತೆಯ ಸರಪಳಿಯೂ ಹಿಡಿಯಲಾರದಾಗಿತ್ತು.

ಆಸ್ಟ್ರೇಲಿಯಾದ ಕರೆ

ಅವರ ಕೀರ್ತಿ ಈ ವೇಳೆಗೆ ಸಮುದ್ರ ದಾಟಿತ್ತು. 1870ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ವಸಾಹತಿನ ಸರ್ಕಾರ ನೀರು ಪೂರೈಕೆಯ ಯೋಜನೆಗಳ ಬಗ್ಗೆ ಅವರ ಸಲಹೆಯನ್ನು ಕೋರಿತು. ರಜೆಯ ಮೇಲೆ ಅಲ್ಲಿಗೆ ತೆರಳಿದ ಸ್ಯಾಂಕಿ ಸುಮಾರು ಏಳು ತಿಂಗಳು ತಂಗಿದ್ದು, ಕೊಲಿಬನ್, ಜೀಲಾಂಗ್ ಮುಂತಾದ ನೀರು ಸರಬರಾಜು ಯೋಜನೆಗಳ ಕುರಿತು ವರದಿ ನೀಡಿದರು. ಮಳೆ ಅನಿಶ್ಚಿತವಾದ ಒಣ ನಾಡಿನಲ್ಲಿ ನೀರನ್ನು ಹಿಡಿದಿಡುವ ವಿದ್ಯೆಯ ಸಲಹೆಗಾಗಿ ಮೈಸೂರಿನ ಎಂಜಿನಿಯರರನ್ನು ದೂರದ ಖಂಡವೊಂದು ಕರೆಸಿಕೊಂಡಿತೆಂಬುದು ನಮ್ಮ ಪೂರ್ವಿಕರ ಕೆರೆಗಳಿಗೆ ಪರೋಕ್ಷವಾಗಿ ಸಂದ ಗೌರವ.

ಬರದ ತೀರ್ಪು

1875ರಿಂದ ಮಳೆ ಕೈಕೊಡತೊಡಗಿತು. 1876ರಿಂದ 1878ರವರೆಗಿನ ಮಹಾ ಕ್ಷಾಮ ದಕ್ಷಿಣ ಭಾರತದ ಇತಿಹಾಸದಲ್ಲಿಯೇ ಭೀಕರವಾದುದು. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಎಂಟೂವರೆ ಲಕ್ಷಕ್ಕೂ ಮಿಗಿಲಾದ ಈ ಇಳಿಕೆಯ ಹಿಂದೆ ಹಸಿವು, ಕಾಲರಾ, ವಲಸೆಗಳ ದಾರುಣ ಕಥೆಯಿದೆ. ಬಯಲಿನ ತಾಲ್ಲೂಕುಗಳು ಹೆಚ್ಚಿನ ಪೆಟ್ಟು ತಿಂದವು.

ಕೆರೆಗಳು ಒಂದು ವರ್ಷದ ಕೊರತೆಯನ್ನು ತಾಳಿಕೊಳ್ಳಬಲ್ಲವು. ಸತತವಾಗಿ ಮಳೆ ತಪ್ಪಿದರೆ ಸರಣಿಯ ಮೇಲಿನ ಕೆರೆಯೇ ಬರಿದಾಗಿ, ಕೆಳಗಿನ ಕೆರೆಗಳಿಗೆ ಕೊಡುವುದಕ್ಕೆ ಏನೂ ಉಳಿಯುವುದಿಲ್ಲ. ಹೂಳು ತುಂಬಿದ, ಏರಿ ಬಿರಿದ ಕೆರೆಗಳಿಗಂತೂ ಬಂದ ಅಲ್ಪ ನೀರನ್ನು ಹಿಡಿದಿಡುವ ಶಕ್ತಿಯೂ ಇರಲಿಲ್ಲ. ಕೆರೆ ದುರಸ್ತಿಯನ್ನು ಬರ ಬಂದ ಮೇಲೆ ನೆನೆಯುವ ಆಡಳಿತ ತಡವಾಗಿ ಎಚ್ಚೆತ್ತ ಆಡಳಿತವೆಂಬ ಪಾಠವನ್ನು ಆ ಕ್ಷಾಮ ಕಲಿಸಿತು.

ಬರ ಉಗ್ರವಾಗಿದ್ದ 1877ರಲ್ಲಿಯೇ ಸ್ಯಾಂಕಿಯವರಿಗೆ ಸಿಮ್ಲಾದ ಭಾರತ ಸರ್ಕಾರದ ಕಾರ್ಯಾಲಯಕ್ಕೆ ವರ್ಗವಾಯಿತು. ಹದಿಮೂರು ವರ್ಷ ಮುಖ್ಯ ಎಂಜಿನಿಯರ್ ಆಗಿ ಕಟ್ಟಿದ ಕೆಲಸ ಅಪೂರ್ಣವಾಗಿಯೇ ಉಳಿಯಿತು.

ಕೊನೆಯ ವರ್ಷಗಳು

1878ರಲ್ಲಿ ಆಫ್ಘನ್ ಯುದ್ಧ ಆರಂಭವಾದಾಗ ಅವರು ಕಂದಹಾರಿನ ಸೇನೆಯ ಎಂಜಿನಿಯರ್ ಪಡೆಯ ಮುಖ್ಯಸ್ಥರಾದರು. ಮರುವರ್ಷ ಮದರಾಸು ಸರ್ಕಾರದ ಲೋಕೋಪಯೋಗಿ ಕಾರ್ಯದರ್ಶಿಯಾಗಿ ಹಿಂದಿರುಗಿದರು. ಮದರಾಸಿನ ಮರೀನಾ ಕಡಲತೀರದ ರಚನೆಯಲ್ಲಿ ಅವರ ಪಾತ್ರವಿದೆ. 1882ರಲ್ಲಿ ಪತ್ನಿ ಸೋಫಿಯಾ ನಿಧನರಾದರು. ಅವರ ಹೆಸರಿನಲ್ಲಿ ಇಂದಿಗೂ ಉಳಿದಿರುವ ಬೆಂಗಳೂರಿನ ಕೆರೆ ರೂಪುಗೊಂಡಿದ್ದೂ ಅದೇ ವರ್ಷ. 1884ರಲ್ಲಿ ಸೇನೆಯಿಂದ ನಿವೃತ್ತರಾಗಿ ತಾಯ್ನಾಡಿಗೆ ಮರಳಿ, ಐರ್ಲೆಂಡಿನ ಲೋಕೋಪಯೋಗಿ ಮಂಡಳಿಯ ಅಧ್ಯಕ್ಷರಾಗಿ 1896ರವರೆಗೆ ದುಡಿದರು. 1890ರಲ್ಲಿ ಎರಡನೆಯ ವಿವಾಹವಾಯಿತು. 1892ರಲ್ಲಿ ಸರ್ ಪದವಿ ಲಭಿಸಿತು. 1908ರ ನವೆಂಬರ್ 11ರಂದು ಲಂಡನ್ನಿನಲ್ಲಿ ಹಠಾತ್ತನೆ ನಿಧನರಾದರು.

ಅವರಿಗೆ ಸರ್ ಪದವಿ ಬಂದ 1892ರಲ್ಲಿಯೇ ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ನೀರಿನ ಒಪ್ಪಂದವೂ ಆಯಿತು. ತುಂಗಾ, ಭದ್ರಾ, ವೇದಾವತಿ ಸೇರಿದಂತೆ ಹೆಸರಿಸಿದ ನದಿಗಳಿಗೆ ಅಡ್ಡಲಾಗಿ ಮೈಸೂರು ಹೊಸ ಜಲಾಶಯ ಕಟ್ಟುವ ಮುನ್ನ ಮದರಾಸಿನ ಸಮ್ಮತಿ ಪಡೆಯಬೇಕೆಂದು ಅದು ವಿಧಿಸಿತು. ಮೇಲಿನ ಊರು, ಕೆಳಗಿನ ಊರು ಎಂಬ ಕೆರೆಯ ವ್ಯಾಜ್ಯವೇ ಎರಡು ರಾಜ್ಯಗಳ ವ್ಯಾಜ್ಯವಾಗಿ ಬೆಳೆದಿತ್ತು.

ಸರಣಿ ಮುಂದುವರಿದ ಬಗೆ

ಒಪ್ಪಂದದ ಅನಂತರ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರಲ್ಲಿ ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ವೇದಾವತಿಗೆ ಅಣೆಕಟ್ಟು ಆರಂಭವಾಗಿ 1907ರಲ್ಲಿ ಮುಗಿಯಿತು. ಅದೇ ವಾಣಿವಿಲಾಸ ಸಾಗರ. ಸುಮಾರು 30 ಟಿಎಂಸಿ ಸಾಮರ್ಥ್ಯದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ಅನಂತರ. ಅದರ ಜಲಾನಯನದ ಉದ್ದಕ್ಕೂ, ಕಡೂರಿನ ಬೆಟ್ಟದ ತಪ್ಪಲಿನಿಂದಲೇ, ಕೆರೆಕಟ್ಟೆಗಳು ನೀರಿನ ಮೊದಲ ಪಾಲನ್ನು ಪಡೆಯುತ್ತವೆ. ಸರಣಿಯ ಕೊನೆಯ ಕೆರೆ ಎಷ್ಟು ದೊಡ್ಡದಾದರೂ ಮೇಲಿನವು ತುಂಬದೆ ಅದು ತುಂಬದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ನಿರ್ವಹಣೆಯ ಪ್ರಶ್ನೆಗೂ ಹಲವು ಉತ್ತರಗಳ ಪ್ರಯೋಗ ನಡೆದಿದೆ. 1911ರಲ್ಲಿ ಮೈಸೂರು ಸಂಸ್ಥಾನ ಕೆರೆ ಪಂಚಾಯಿತಿಗಳ ಕಾಯಿದೆ ತಂದಿತು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನ ಜಲಸಂವರ್ಧನೆ ಯೋಜನೆಯಡಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿಕೊಂಡವು. ಆದರೆ ಅಷ್ಟರಲ್ಲಿ ಕೊಳವೆಬಾವಿ ಹಳ್ಳಿಗಳನ್ನು ಪ್ರವೇಶಿಸಿಯಾಗಿತ್ತು. ತನ್ನ ತೋಟದಲ್ಲೇ ನೀರು ಸಿಕ್ಕಿದ ರೈತನಿಗೆ ಕೆರೆಯ ಹಂಗು ಕಡಿಮೆಯಾಯಿತು. ಕೊಳವೆಬಾವಿಗೆ ನೀರು ಇಂಗಿಸುವುದೂ ಆ ಕೆರೆಯೇ ಎಂಬುದು ಬಾವಿಗಳು ಬತ್ತತೊಡಗಿದ ಮೇಲೆ ಅರಿವಾಯಿತು.

ಇತರ ನಾಡುಗಳ ಅನುಭವವೂ ಇದನ್ನೇ ಹೇಳುತ್ತದೆ. ಶ್ರೀಲಂಕಾದ ಒಣ ಪ್ರದೇಶದಲ್ಲಿ ನಮ್ಮಂತೆಯೇ ಸರಣಿ ಕೆರೆಗಳಿವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಅವನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು. ಅಲ್ಲಿಯೂ ದುರಸ್ತಿಯ ಘಟಕ ಒಂದು ಕೆರೆಯಲ್ಲ, ಇಡೀ ಸರಣಿ ಎಂಬ ತಿಳಿವಳಿಕೆ ಬಲಗೊಳ್ಳುತ್ತಿದೆ.

ಇಂದಿನ ಕಡೂರು, ತರೀಕೆರೆ, ಅಜ್ಜಂಪುರ

ಸ್ಯಾಂಕಿಯವರ ಕಾಲದಲ್ಲಿ ನೀರು ಬೆಟ್ಟದ ಯಾವ ಮಗ್ಗುಲಲ್ಲಿ ಬಿದ್ದಿತೋ ಅದೇ ಮಗ್ಗುಲಿಗೆ ಸೇರಿದ್ದಾಗಿತ್ತು. ಈಗ ಆ ಗಡಿ ಅಳಿಸುತ್ತಿದೆ. ಭದ್ರಾ ಮೇಲ್ದಂಡೆ ಯೋಜನೆಯ ಪ್ರಕಾರ ತುಂಗೆಯಿಂದ ಭದ್ರೆಗೆ 17.40 ಟಿಎಂಸಿ, ಭದ್ರೆಯಿಂದ ಅಜ್ಜಂಪುರದ ಬಳಿಯ ಸುರಂಗಕ್ಕೆ 29.90 ಟಿಎಂಸಿ ನೀರನ್ನು ಮೇಲೆತ್ತಬೇಕು. ಸುಮಾರು ಏಳು ಕಿಲೋಮೀಟರ್ ಉದ್ದದ ಆ ಸುರಂಗ ದಾಟಿದ ನೀರು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್ ಭೂಮಿಗೆ ಹನಿ ಮತ್ತು ತುಂತುರು ನೀರಾವರಿ ಒದಗಿಸಿ, 367 ಕೆರೆಗಳನ್ನು ಅವುಗಳ ಸಾಮರ್ಥ್ಯದ ಅರ್ಧದಷ್ಟು ತುಂಬಿಸಬೇಕೆಂಬುದು ಯೋಜನೆ. 2019ರಲ್ಲಿ ಭದ್ರೆಯ ನೀರು ಮೊದಲ ಬಾರಿಗೆ ಈ ಹಾದಿಯಲ್ಲಿ ವೇದಾವತಿಗೆ ಇಳಿದು ವಾಣಿವಿಲಾಸ ಸಾಗರದ ಕಡೆ ಹರಿಯಿತು. ತರೀಕೆರೆ, ಕಡೂರು, ಚಿಕ್ಕಮಗಳೂರು ಭಾಗದ 197 ಕೆರೆಗಳಿಗೆ ಭದ್ರಾ ನೀರು ತುಂಬಿಸುವ ಮತ್ತೊಂದು ಯೋಜನೆಯೂ ಸರ್ಕಾರದ ಮುಂದಿದೆ.

ಇವುಗಳಿಂದ ರೈತರಲ್ಲಿ ಭರವಸೆ ಮೂಡಿರುವುದು ಸಹಜ. ಅಜ್ಜಂಪುರದ ಈರುಳ್ಳಿ ಬೆಳೆಗಾರನಿಗೂ ಕಡೂರಿನ ತೆಂಗಿನ ತೋಟದವನಿಗೂ ನೀರೇ ಬದುಕು. ಆದರೆ ಯೋಜನೆಯ ಪಟ್ಟಿಯಲ್ಲಿರುವುದು ಆಯ್ದ ಕೆರೆಗಳು. ಪಟ್ಟಿಯಲ್ಲಿ ಹೆಸರಿರುವ ಕೆರೆಗೆ ಕೊಳವೆಯ ನೀರು ಬಂದೀತು. ಅದರ ಕೋಡಿಯಿಂದ ಕೆಳಗಿನ ಕೆರೆಗೆ ಸಾಗುವ ಹಳ್ಳ ಒತ್ತುವರಿಯಾಗಿದ್ದರೆ, ತೂಬು ಮುರಿದಿದ್ದರೆ, ನೀರುಗಂಟಿಯೇ ಇಲ್ಲದಿದ್ದರೆ ಆ ನೀರು ಅಲ್ಲಿಗೇ ನಿಲ್ಲುತ್ತದೆ. ಮೇಲ್ಭಾಗದಲ್ಲಿ ಹೊಸದಾಗಿ ಕಟ್ಟುವ ಒಂದೊಂದು ಚೆಕ್ ಡ್ಯಾಂ, ತೋಡುವ ಒಂದೊಂದು ಕೃಷಿ ಹೊಂಡವೂ ಕೆಳಗಿನ ಕೆರೆಯ ಖಾತೆಯಲ್ಲಿ ಖರ್ಚಾಗಿಯೇ ಬೀಳುತ್ತದೆ. ಅವು ಬೇಡವೆಂದಲ್ಲ, ಲೆಕ್ಕವಿಲ್ಲದೆ ಬೇಡ.

ರಾಜ್ಯದ ಸುಮಾರು 36 ಸಾವಿರ ಕೆರೆಗಳು ಇಂದು ಬೇರೆಬೇರೆ ಇಲಾಖೆಗಳ ನಡುವೆ ಹಂಚಿಹೋಗಿವೆ. ದೊಡ್ಡ ಕೆರೆ ಒಂದು ಇಲಾಖೆಯದು, ಅದರ ಕೆಳಗಿನ ಸಣ್ಣ ಕೆರೆ ಪಂಚಾಯಿತಿಯದು. ನೀರಿಗೆ ಈ ವಿಂಗಡಣೆ ತಿಳಿಯದು. ಕೆರೆ ತುಂಬಿಸುವ ಯೋಜನೆಗೆ ಕೋಟಿಗಟ್ಟಲೆ ಹಣ ಮೀಸಲಿಡುವ ಮುನ್ನ ಆಯಾ ಕಣಿವೆಯ ಕೆರೆಗಳನ್ನು ಒಟ್ಟಾಗಿ ಅಳೆದು, ಕೋಡಿಗಳಿಗೆ ಗುರುತು ಹಾಕಿ, ನೀರಿನ ಹಾದಿ ತೆರವುಗೊಳಿಸಿ, ನೋಡಿಕೊಳ್ಳುವ ಹೊಣೆಯನ್ನೂ ಅದಕ್ಕೆ ತಕ್ಕ ಪ್ರತಿಫಲವನ್ನೂ ಊರಿನವರಿಗೆ ಒಪ್ಪಿಸಬೇಕಾಗಿದೆ. ಮೊದಲಿನ ಕೆಲಸಗಳಿಗೆ ಸ್ಯಾಂಕಿಯವರು 1860ರ ದಶಕದಲ್ಲಿಯೇ ದಾರಿ ತೋರಿಸಿದ್ದರು. ಕೊನೆಯದು ಅವರಿಗೂ ಸಾಧ್ಯವಾಗಲಿಲ್ಲ. ಅದನ್ನು ಪೂರೈಸುವ ಹೊಣೆ ಈಗ ನಮ್ಮ ಚುನಾಯಿತ ಸರ್ಕಾರಗಳ ಮೇಲೂ ಗ್ರಾಮ ಪಂಚಾಯಿತಿಗಳ ಮೇಲೂ ಇದೆ.